ನನ್ನ ಮುಖ ಬರೆದವನಿಗೆ

ಲೋ ಬಣ್ಣದ ಬುಡ್ಡಿ,

ಫೋನ್ ಮಾಡಿದರೆ ಎತ್ತಲ್ಲ. ಮೆಸೇಜ್ ಹಾಕಿದರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರ ಎದುರೇ ಬರೆಯುತ್ತಿದ್ದೇನೆ. ಉಳಿದವರು ಬೇಕಾದರೆ ಓದಿಕೊಳ್ಳಿ. ಆದರೆ ಕೊತ್ತಂಬರಿ ಕಟ್ಟಿನ ವಿಷಯ ಮಾತ್ರ ಯಾರೂ ಕೇಳಬೇಡಿ, ಅದು ನಮ್ಮಿಬ್ಬರ ಜೊತೆಗೇ ಮಣ್ಣಾಗಬೇಕು.

ನೀನು ಕಳಿಸಿದ ಫೋಟೋ ನೋಡಿದೆ. ಪೇಂಟಿಂಗ್ ಚೆನ್ನಾಗಿದೆ. ಮೂಗು ಸ್ವಲ್ಪ ಜಾಸ್ತಿ ಆಯ್ತು, ಇರಲಿ. ಈ ಪತ್ರ ಮೂಗಿಗಾಗಿ ಅಲ್ಲ.

ನಿನ್ನ ರೂಮಿಗೆ ಬಂದ ದಿನ ನಾನು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡಿದ್ದೆ, ನೆನಪಿದೆಯಾ? ನನ್ನ ತಲೆಯಲ್ಲಿದ್ದದ್ದು ಮೈಸೂರು ಅರಮನೆ ಕಲ್ಯಾಣ ಮಂಟಪದ ದಸರಾ ಚಿತ್ರಗಳು. ಆ ಮೆರವಣಿಗೆಯಲ್ಲಿ ಇರುವವರು ನಿಜವಾಗಿ ಬದುಕಿದ್ದವರು, ಫೋಟೋ ಇಟ್ಟುಕೊಂಡು ಮುಖ ಬರೆದಿದ್ದಾರೆ ಅಂತ ನೀನೇ ಹೇಳಿದ್ದೆ. ಎಲ್ಲರೂ ಪೇಟ ಸುತ್ತಿ ಎದೆ ಸೆಟೆಸಿಕೊಂಡು ನಡೆಯುತ್ತಿದ್ದಾರೆ. ಒಬ್ಬನಾದರೂ ಹೆದರಿದ ಹಾಗೆ ನನಗೆ ಕಂಡಿರಲಿಲ್ಲ. ನಾನೂ ಹಾಗೇ ಕೂರೋಣ ಅಂತಿದ್ದೆ. ನೀನು "ಕನ್ನಡಕ ತೆಗಿಯೋ" ಅಂದೆ. ಅಲ್ಲಿಗೆ ನನ್ನ ಪೇಟ ಬಿದ್ದುಹೋಯಿತು.

ಆಗ ನೆನಪಾದದ್ದು ನೀನು ಪುಸ್ತಕದಲ್ಲಿ ತೋರಿಸಿದ್ದ ಅಮೆರಿಕದ ಅಜ್ಜಿ, ಆಲಿಸ್ ನೀಲ್. 80ರ ವಯಸ್ಸಿನಲ್ಲಿ, 1980ರಲ್ಲಿ, ತನ್ನ ಬತ್ತಲೆ ಚಿತ್ರವನ್ನು ತಾನೇ ಬರೆದು ಮುಗಿಸಿದಾಕೆ. ಪಟ್ಟೆಪಟ್ಟೆ ಕುರ್ಚಿಯ ಮೇಲೆ ಕೂತಿದ್ದಾಳೆ. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಹೊಟ್ಟೆ, ಎದೆ ಎಲ್ಲಾ ಜೋತುಬಿದ್ದಿದೆ, ಒಂದನ್ನೂ ಮುಚ್ಚಿಟ್ಟಿಲ್ಲ. ಮೈಮೇಲೆ ಇರುವುದು ಕನ್ನಡಕ ಮಾತ್ರ. ನನ್ನದು ಉಲ್ಟಾ. ಬಟ್ಟೆಯೆಲ್ಲಾ ಇತ್ತು, ಕನ್ನಡಕ ಇರಲಿಲ್ಲ. ನಾಚಿಕೆ ಮಾತ್ರ ಆ ಅಜ್ಜಿಗಿಂತ ನನಗೇ ಜಾಸ್ತಿ ಆಗಿರಬೇಕು.

ನೀನು ಮೊದಲು ನನ್ನ ಮುಖಕ್ಕೆಲ್ಲ ಹಸಿರು ಬಳಿದಾಗ ಗಾಬರಿಯಾಯಿತು. ಕೆಳಗೆ ಹಸಿರು ಇದ್ದರೇ ಮೇಲಿನ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಅನ್ನೋ ಕೆಂಗಂದು, ಮಣ್ಣುಹಳದಿ ಬಣ್ಣಗಳು ಎದ್ದು ಬರೋದು, ಬರೀ ಕಂದು ಹಚ್ಚಿದರೆ ಚರ್ಮ ಸತ್ತುಹೋಗುತ್ತೆ ಅಂತ ಪಾಠ ಮಾಡಿದೆ. ಟರ್ಪೆಂಟೈನ್ ವಾಸನೆಗೆ ನನಗೆ ಅರ್ಧ ತಲೆನೋವು. ಹೂಂ ಅಂದೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಇಡೀ ದಿನ ಮುಖ ನೋಡುವ ಕೆಲಸದವನು. ಸೊಸೈಟಿಯ ಸಾಲದ ಕೌಂಟರಿನಲ್ಲಿ ಕೂತವನಿಗೆ ಪಹಣಿಗಿಂತ ಮೊದಲು ಕಾಣುವುದು ಮುಖ. ಟವೆಲನ್ನು ಹೆಗಲಿಂದ ಕೈಗೆ ತೆಗೆದುಕೊಂಡರೆ ಕಂತು ಕಟ್ಟಲು ಬಂದಿಲ್ಲ, ಮುಂದಕ್ಕೆ ಹಾಕಿಸಿಕೊಳ್ಳಲು ಬಂದಿದ್ದಾನೆ ಅಂತ ಅರ್ಥ. "ಕಬ್ಬಿನ ಬಿಲ್ ಬಂದ ತಕ್ಷಣ ಕಟ್ತೀನಿ ಸ್ವಾಮಿ" ಅನ್ನುವಾಗ ಕಣ್ಣು ನನ್ನ ಮೇಲೆ ಇರಲ್ಲ, ನನ್ನ ಹಿಂದಿನ ಕ್ಯಾಲೆಂಡರ್ ಮೇಲಿರುತ್ತೆ. ಬಾಯಿ ನಗುತ್ತಿರುತ್ತೆ, ದವಡೆ ಬಿಗಿದಿರುತ್ತೆ. ಆ ಮುಖ ನನಗೆ ಬಾಯಿಪಾಠ.

ನೀನು ಬರೆದಿರುವುದು ಅದೇ ಮುಖ ಕಣೋ. ಕೌಂಟರಿನ ಈಚೆ ಕಡೆಯದು.

ನಾನು ಯಾರ ಹತ್ತಿರವೂ ಏನೂ ಕೇಳಲು ಬಂದಿರಲಿಲ್ಲ. ಸುಮ್ನೆ ಕೂತಿದ್ದೆ. ಆದರೂ ಏನೋ ಬೇಡುತ್ತಿರುವ ಹಾಗಿದೆ. ಏನು ಅಂತ ನೀನು ಕೇಳಲೂ ಇಲ್ಲ, ಬರೆದುಬಿಟ್ಟೆ. ಒಮ್ಮೆ ಎದ್ದು ಬಂದು ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದೆಯಲ್ಲ, ಅಮ್ಮ ಕ್ರಾಪು ಬಾಚುವಾಗ ಹಿಡಿಯುತ್ತಿದ್ದ ಹಾಗೆ. ಆಗ ಗಂಟಲು ಕಟ್ಟಿತು. ಅಮ್ಮ ಹೋದಮೇಲೆ ನನ್ನ ಗದ್ದ ಮುಟ್ಟಿದವರಿಲ್ಲ. ಕ್ಷೌರದವನು ಲೆಕ್ಕಕ್ಕಿಲ್ಲ. "ಅಲ್ಲಾಡಬೇಡ" ಅಂತ ನೀನು ಬೈದೆ, ಅಳುವುದು ತಪ್ಪಿತು.

ಜಗನ್ಮೋಹನ ಅರಮನೆಯ, ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಾವು ಎಷ್ಟು ಸಲ ನಿಂತಿಲ್ಲ. ಯಾರಾದರೂ ರವಿವರ್ಮನದು ಅಂದರೆ ಸಾಕು, ನೀನು ಜಗಳಕ್ಕೇ ನಿಲ್ಲುತ್ತಿದ್ದೆ: ಬರೆದವರು ಹಲ್ದನ್‌ಕರ್, ವಾಟರ್ ಕಲರ್, ತಪ್ಪಿದರೆ ತಿದ್ದಲು ಆಗಲ್ಲ, ಗೊತ್ತಾ? ಚಿತ್ರಕ್ಕೆ ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 102 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. ನಾವು ನೋಡುತ್ತಿದ್ದದ್ದು ಬೆರಳ ಸಂದಿಯಿಂದ ಬರುವ ಬೆಳಕನ್ನು. ಈಗ ನನಗೆ ಅನಿಸುವುದೇ ಬೇರೆ. ಅಪ್ಪ ಅನ್ನುವವನು ಮಗಳ ಮುಖವನ್ನು ಅಷ್ಟು ಹೊತ್ತು ನೋಡಿದನಲ್ಲ! ನಮ್ಮಪ್ಪ ನನ್ನ ಜೊತೆ ಮಾತಾಡುವಾಗ ಎತ್ತುಗಳನ್ನು ನೋಡುತ್ತಿದ್ದರು. ಎತ್ತು ಮಾರಿದ ಮೇಲೆ ಟಿವಿ. ಕೊನೆಗೆ ಆಸ್ಪತ್ರೆಯಲ್ಲಿ ಒಂದು ಸಲ ನೋಡಿದರು. ನಾನೇ ಡ್ರಿಪ್ ಬಾಟಲಿ ನೋಡುತ್ತಾ ನಿಂತೆ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅಳಿಸೋಣ ಅಂದುಕೊಂಡೆ. ಇರಲಿ, ನೀನು ನನ್ನ ಮುಖವನ್ನೇ ಗೋಡೆಗೆ ತೂಗುಹಾಕುತ್ತಿದ್ದೀಯ, ಇದೇನು ಮಹಾ.

ಫೋಟೋವನ್ನು ನನ್ನಾಕೆಗೆ ತೋರಿಸಿದೆ. ಅಯ್ಯೋ ಯಾಕ್ರೀ ಹೀಗೆ ಬರೆದಿದ್ದಾರೆ ಅನ್ನುತ್ತಾಳೆ, ಸಮಾಧಾನ ಮಾಡೋಣ ಅಂತ ಕಾದೆ. ಅವಳು ಸೊಪ್ಪು ಬಿಡಿಸುತ್ತಾ ಒಮ್ಮೆ ನೋಡಿ, "ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಹೀಗೇ ಕೂತಿರ್ತೀರಲ್ಲ" ಅಂದಳು. ಆಶ್ಚರ್ಯವೇ ಇಲ್ಲ! ಇಷ್ಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡದ್ದು ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಬೀದಿ ನಾಯಿಗೂ ಗೊತ್ತಿರಬಹುದು. ಹಾಗಾದರೆ ಆ ಟವೆಲ್ ಹಿಡಿದವರೂ ನನ್ನನ್ನು ಓದಿಕೊಂಡೇ ಹೋಗುತ್ತಿದ್ದರಾ? ಸೋಮವಾರದಿಂದ ಕೌಂಟರಿನಲ್ಲಿ ಕನ್ನಡಕ ತೆಗೆಯುವುದಿಲ್ಲ, ಒರೆಸುವುದಕ್ಕೂ.

ಪ್ರದರ್ಶನಕ್ಕೆ ಇಡು, ನನ್ನ ಅಡ್ಡಿಯಿಲ್ಲ. ಕೆಳಗೆ ಹೆಸರು ಹಾಕಬೇಡ. "ಮಂಡ್ಯದ ಗಂಡು" ಅಂತ ಹಾಕಿದರೆ ಕಾಲು ಮುರಿಯುತ್ತೇನೆ. ಮೂಗನ್ನು ಒಂದು ಸುತ್ತು ಇಳಿಸು, ನಿಂದು ಹೇಗೂ ಆಯಿಲ್ ಪೇಂಟ್, ತಿದ್ದಬಹುದು. ಮುಖ್ಯವಾಗಿ, ಮಾರಾಟ ಆಗಲಿಲ್ಲ ಅಂತ ನಮ್ಮ ಮನೆಗೆ ತಂದುಕೊಡಬೇಡ ಮಾರಾಯ. ಇವಳು ಆಗಲೇ ಟಿವಿ ಮೇಲಿನ ಗೋಡೆ ಅಳೆದಿದ್ದಾಳೆ.

ಇಂತಿ ನಿನ್ನ,
ಕೂಲಿ ಸಿಗದ ಮಾಡೆಲ್