ಸ್ವರಲಿಪಿ ಕಲಿತರೆ ಹಾಡು ಕೆಡುವುದಿಲ್ಲ

ಮಾನ್ಯ ಸಂಪಾದಕರೇ,

ಸಂಗೀತ ಗುರುಮುಖೇನ ಬರಬೇಕಾದ ವಿದ್ಯೆ, ಸ್ವರಗಳನ್ನು ಅಕ್ಷರ, ಗುರುತುಗಳಲ್ಲಿ ಬರೆದಿಡುವ ಸ್ವರಲಿಪಿಯ ಹಂಗು ಹಾಡುವವರಿಗೆ ಬೇಡ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದಾರೆ. ಅವರ ಮೊದಲ ಮಾತನ್ನು ತಲೆಬಾಗಿ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳಿಗೂ ಭಜನಾ ಮಂಡಳಿಯ ಹೆಂಗಸರಿಗೂ ಹಾಡು, ಹಾರ್ಮೋನಿಯಂ ಹೇಳಿಕೊಡುವವಳು ನಾನು. ಇದು ನನಗೆ ದಿನನಿತ್ಯದ ಪ್ರಶ್ನೆ.

ಹಿಂದೂಸ್ತಾನಿ ಸಂಗೀತದ ಉಸ್ತಾದರು ಕಾಗದ ನೋಡಿ ಹಾಡಲಿಲ್ಲ, ನಿಜ. ಆದರೆ ಅವರ ಕಂಠದಲ್ಲಷ್ಟೇ ಇದ್ದ ಚೀಜ್‌ಗಳು, ಅಂದರೆ ರಾಗದ ಹಾಡುಗಳು, ಸಾಮಾನ್ಯರ ಮನೆಯ ಮಕ್ಕಳಿಗೂ ಸಿಕ್ಕಿದ್ದು ಹೇಗೆ? ಇದೇ ಮುಂಬಯಿಯ ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿ, ವಕೀಲಿ ಓದಿದ ವಿಷ್ಣು ನಾರಾಯಣ ಭಾತಖಂಡೆಯವರು ಊರೂರು ತಿರುಗಿ, ಹಾಡಿಸಿ, ಕೇಳಿ ಬರೆದುಕೊಂಡರು. ಅವರ ಆರು ಭಾಗಗಳ ‘ಕ್ರಮಿಕ ಪುಸ್ತಕ ಮಾಲಿಕೆ’ಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಚನೆಗಳು, ಬಂದಿಶ್‌ಗಳು, ಇವೆ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, 1908ರಲ್ಲಿ ಅದನ್ನು ಮುಂಬಯಿಗೂ ತಂದ ವಿಷ್ಣು ದಿಗಂಬರ ಪಲುಸ್ಕರರೂ ತಮ್ಮದೇ ಒಂದು ಲಿಪಿ ರೂಪಿಸಿದರು. ಇಬ್ಬರೂ ಗುರುವನ್ನು ಬದಿಗೆ ಸರಿಸಲು ಹೊರಟವರಲ್ಲ.

ಭಾತಖಂಡೆ ಲಿಪಿ ಕಷ್ಟದ್ದೂ ಅಲ್ಲ. ತಗ್ಗಿಸಿದ ಕೋಮಲ ಸ್ವರಕ್ಕೆ ಅಡಿಗೆರೆ, ಏರಿಸಿದ ‘ಮ’ ಅಂದರೆ ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಂತ ಗೆರೆ, ಮೇಲಿನ ಸಪ್ತಕವಾದ ತಾರಕ್ಕೆ ಮೇಲೊಂದು ಚುಕ್ಕೆ, ಕೆಳಗಿನ ಸಪ್ತಕವಾದ ಮಂದ್ರಕ್ಕೆ ಕೆಳಗೊಂದು. ಆದರೆ ದರ್ಬಾರಿ ರಾಗದ ‘ಗ’, ಅಂದರೆ ಗಾಂಧಾರದ ನಿಧಾನದ ತೂಗಾಟ, ಆಂದೋಲನ, ಈ ಗೆರೆಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಗುರುವೇ ಬೇಕು, ಎದುರಿಗೇ ಕೂರಬೇಕು.

ಗೋವೆಯ ವಾದಕರನ್ನು ನೋಡಿ. ಚರ್ಚಿನ ಶಾಲೆಗಳಲ್ಲಿ ಬಾಲ್ಯದಲ್ಲೇ ಪಾಶ್ಚಾತ್ಯ ಸ್ವರಲಿಪಿ ಕಲಿತು ಮುಂಬಯಿಗೆ ಬಂದವರು ಅವರು. ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ಧಾಟಿಯನ್ನು ಸೆಬಾಸ್ಟಿಯನ್ ಡಿಸೋಜಾ, ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಅವರಂಥವರು ಕಾಗದಕ್ಕಿಳಿಸಿ ಒಬ್ಬೊಬ್ಬ ವಾದಕನ ಭಾಗವನ್ನು ಬಿಡಿಸಿ ಬರೆಯದಿದ್ದರೆ, ಹಿಂದಿ ಚಿತ್ರಗೀತೆಗಳ ಆ ದೊಡ್ಡ ವಾದ್ಯವೃಂದ ಒಂದೇ ಉಸಿರಿನಲ್ಲಿ ನುಡಿಯುವುದು ಸಾಧ್ಯವಿತ್ತೇ?

ಆದರೆ ನನ್ನ ಚಿಂತೆ ಇರುವುದು ನಮ್ಮ ದೇವರನಾಮಗಳ ಬಗ್ಗೆ. ಪುರಂದರದಾಸರ ಸಾಹಿತ್ಯ ಉಳಿಯಿತು, ಅವರು ಹಾಡಿದ ಮೂಲ ಧಾಟಿಗಳು ಬಹುಪಾಲು ಉಳಿಯಲಿಲ್ಲ. ಅದೇ ನಷ್ಟ ನಮ್ಮ ಕಣ್ಣೆದುರೇ ಮತ್ತೆ ಆಗುತ್ತಿದೆ. ನನ್ನಲ್ಲಿಗೆ ಬರುವ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಿಜಾಪುರದ ತವರಿನಿಂದ ತಂದ ಹಾಡೊಂದನ್ನು ಹಾಡುತ್ತಾರೆ. ಪಲ್ಲವಿಯ ಎರಡನೆಯ ಸಾಲಿನಲ್ಲಿ ಅವರು ಗಾಂಧಾರದಿಂದ ನೇರವಾಗಿ ಪಂಚಮಕ್ಕೆ ಹೋಗುವುದಿಲ್ಲ, ಮಧ್ಯಮವನ್ನು ಕೂದಲೆಳೆಯಷ್ಟು ಸವರಿಕೊಂಡು ಹೋಗುತ್ತಾರೆ. ಆ ಹಾಡಿನ ಜೀವ ಇರುವುದೇ ಅಲ್ಲಿ. ಮಂಡಳಿಯ ಉಳಿದವರೆಲ್ಲ ಮೊಬೈಲಿನಲ್ಲಿ ಕೇಳಿ ಕಲಿತ ಇನ್ನೊಂದು ಧಾಟಿಯಲ್ಲಿ ಹಾಡುತ್ತಾರೆ, ಮಧ್ಯಮ ಮಾಯವಾಗಿದೆ. ಅಜ್ಜಿಯ ಪುಸ್ತಕದಲ್ಲಿ ಸಾಹಿತ್ಯ ಮುತ್ತು ಪೋಣಿಸಿದಂಥ ಅಕ್ಷರದಲ್ಲಿದೆ, ಸ್ವರ ಒಂದೂ ಇಲ್ಲ. ಅವರನ್ನು ಕೂರಿಸಿಕೊಂಡು ಬರೆದೆವು. ಪಂಚಮದ ಎಡ ನೆತ್ತಿಯ ಮೇಲೆ ಚಿಕ್ಕದಾಗಿ ‘ಮ’ ಎಂದು ಕಣಸ್ವರ, ಅಂದರೆ ಸವರಿ ಹೋಗುವ ಸ್ವರ, ಬರೆದಾಗ ನನ್ನ ಹನ್ನೆರಡು ವರ್ಷದ ಶಿಷ್ಯೆ ಅದನ್ನು ನೋಡಿ ಹಾಡಿದಳು. ಅಜ್ಜಿ ಎರಡು ಕಡೆ ತಿದ್ದಿದರು. ಲಿಪಿಯೂ ಗುರುವೂ ಒಟ್ಟಿಗೆ ಕೆಲಸ ಮಾಡುವುದೆಂದರೆ ಇದೇ.

ರೆಕಾರ್ಡ್ ಮಾಡಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಖಂಡಿತ ಮಾಡಿ. ಆದರೆ ಬರೆಯಲು ಕುಳಿತವರು ತಾಳದ ಪ್ರತಿ ಮಾತ್ರೆಯಲ್ಲೂ ನಿಂತು, ಇಲ್ಲಿ ಯಾವ ಸ್ವರ ಎಂದು ಕಿವಿಗೊಟ್ಟು ತೀರ್ಮಾನಿಸಲೇಬೇಕು. ಕಿವಿಗೆ ಇಂಥ ಸಾಧನೆ ಬೇರೆ ಯಾವುದರಿಂದಲೂ ಆಗುವುದನ್ನು ನಾನು ಕಂಡಿಲ್ಲ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನ ಬೇಡಿಕೆ ಇಷ್ಟು. ನೀವು ನಡೆಸುವ ಭಜನಾ ಸ್ಪರ್ಧೆಗಳಿಗೆ ಬರುವ ಪ್ರತಿ ಮಂಡಳಿಯೂ ತಮ್ಮ ಹಿರಿಯರಿಂದ ಬಂದ ಒಂದು ಹಾಡನ್ನು ಕನ್ನಡ ಅಕ್ಷರದಲ್ಲೇ ಸ್ವರ ಹಾಕಿ ಬರೆದು ಕೊಡಬೇಕೆಂದು ನಿಯಮ ಮಾಡಿ, ಅದಕ್ಕೂ ಅಂಕ ಕೊಡಿ. ಬರೆಯಲು ಬಾರದ ಮಂಡಳಿಗಳ ಜೊತೆ ಕುಳಿತು ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಈ ಊರಿನಲ್ಲಿ ನನ್ನಂಥ ಶಿಕ್ಷಕಿಯರು ಇನ್ನೂ ಅನೇಕರಿದ್ದಾರೆ, ಕರೆದರೆ ಬರುತ್ತಾರೆ.

ಇಂತಿ,
ಸಂಗೀತ ಶಿಕ್ಷಕಿಯೊಬ್ಬರು, ಡೊಂಬಿವಲಿ