ಲಕ್ಯಾ ಅಣೆಕಟ್ಟಿನ ಬುಡದ ನೀರಿನ ಲೆಕ್ಕ ಕೊಡಿಸಿ

ಉಡುಪಿ–ಚಿಕ್ಕಮಗಳೂರು ಲೋಕಸಭಾ ಸದಸ್ಯರಿಗೆ,

ಮಾನ್ಯರೇ,

ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಿದ್ದು 2005ರ ಡಿಸೆಂಬರ್ 31ಕ್ಕೆ. ಖಾಲಿ ಬಿದ್ದ ಟೌನ್‌ಶಿಪ್ ಏನಾಗಬೇಕು ಎಂಬ ಚರ್ಚೆ ಆಗಾಗ ಏಳುತ್ತದೆ. ನಾವು ಬರೆಯುತ್ತಿರುವುದು ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿರುವ, ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಬಗ್ಗೆ.

ಅರೆದ ಅದಿರಿನಲ್ಲಿ ಕಬ್ಬಿಣದ ಪಾಲು ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಮಿಕ್ಕ ನುಣ್ಣನೆಯ ಹೂಳು ಈ ಕಟ್ಟೆಯ ಹಿಂದೆಯೇ ಉಳಿಯಿತು. ನೀರು ಕುಡಿದ ಇಂಥ ಹೂಳು ಹಿಡಿತ ತಪ್ಪಿದರೆ ಗಂಜಿಯಂತೆ ಹರಿಯುತ್ತದೆ. ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ 2019ರ ಜನವರಿಯಲ್ಲಿ ಒಡೆದು 270 ಜನರ ಜೀವ ತೆಗೆದ ಕಟ್ಟೆಗೂ ಆ ಹೊತ್ತಿಗೆ ಹೂಳು ಬಿಡುವುದು ನಿಂತಿತ್ತು. ಲಕ್ಯಾ ನಾಳೆಯೇ ಒಡೆಯುತ್ತದೆಂದಲ್ಲ. ಗಣಿ ಮುಚ್ಚಿತು, ಇನ್ನೇನು ಭಯ ಎನ್ನುವ ಮಾತನ್ನು ಒಪ್ಪಲಾಗದು, ಅಷ್ಟೆ.

ಮಣ್ಣಿನ ಕಟ್ಟೆಯ ಆರೋಗ್ಯ ತಿಳಿಯುವುದು ಅದರ ಬುಡದಲ್ಲಿ. ಜಿನುಗು ನೀರು ಇದ್ದೇ ಇರುತ್ತದೆ, ಇರಲಿ. ಅದು ತಿಳಿಯಾಗಿರಬೇಕು, ಮಳೆಗೆ ತಕ್ಕಂತೆ ಏರಿ ಇಳಿಯಬೇಕು. ಮಳೆ ಬಿಟ್ಟ ಮೇಲೂ ಹೆಚ್ಚುತ್ತಿದ್ದರೆ, ಬಿಳಿ ಬಕೆಟ್ಟಿನಲ್ಲಿ ಹಿಡಿದಾಗ ತಳದಲ್ಲಿ ಮಣ್ಣು ಕೂತರೆ, ಒಳಗಿನ ಮಣ್ಣು ಕೊಚ್ಚಿಹೋಗಿ ಸುರಂಗವಾಗುತ್ತಿದೆ ಎಂದರ್ಥ. ಕಟ್ಟೆಯೊಳಗಿನ ನೀರಿನ ಮಟ್ಟವನ್ನು ಪೈಜೋಮೀಟರ್ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನ್ನೂ ವಾರಕ್ಕೊಮ್ಮೆ, ಮಳೆ ಹಿಡಿದು ಹೊಡೆಯುವಾಗ ದಿನವೂ ಅಳೆಯಬೇಕು.

ಕೋಡಿಯದು ಬೇರೆಯೇ ಪಾಡು. ಗುಡ್ಡ ಜರಿದು ಮರದ ದಿಮ್ಮಿ ಬಂದು ಸಿಕ್ಕಿಕೊಂಡರೆ ನೀರು ಕಟ್ಟೆಯ ನೆತ್ತಿ ಹತ್ತುತ್ತದೆ. ಮಣ್ಣಿನ ಕಟ್ಟೆ ಅದನ್ನು ಬಹಳ ಹೊತ್ತು ತಾಳುವುದಿಲ್ಲ. ಇಳಿಜಾರಿನಲ್ಲಿ ಹುಲ್ಲಿದ್ದರೆ ಒಳ್ಳೆಯದು, ಮರ ಬೆಳೆದರೆ ಕೆಟ್ಟದ್ದು: ಸತ್ತ ಬೇರು ಕೊಳೆತ ಜಾಗವೇ ನೀರಿಗೆ ದಾರಿ. ಮುಳ್ಳುಹಂದಿಯ ಬಿಲವೂ ಹಾಗೇ. ಸುತ್ತ ರಾಷ್ಟ್ರೀಯ ಉದ್ಯಾನವಾದ್ದರಿಂದ ಒಂದು ಗಿಡ ಕಡಿಯಲೂ ಕಡತ ಓಡಾಡಬೇಕು. ಆ ಅನುಮತಿ ಫೆಬ್ರವರಿಯೊಳಗೆ ಸಿಕ್ಕರಷ್ಟೇ ಉಪಯೋಗ. ಜೂನ್‌ನಲ್ಲಿ ಬಂದರೆ ಆ ವರ್ಷದ ಕೆಲಸ ಹೋದಂತೆಯೇ.

ಅಳತೆ ನಡೆಯುತ್ತಿರಬಹುದು. ಕಾಡಿನೊಳಗಿನ ಕಟ್ಟೆಯನ್ನು ನಾವು ಹೋಗಿ ನೋಡುವಂತಿಲ್ಲ, ಹಾಗಾಗಿ ಅಂಕಿಗಳಾದರೂ ಹೊರಗೆ ಬರಲಿ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ್ದು ಹೊರನಾಡಿಗೆ ಹೊರಟವರಿಗೆ ಕಣ್ಣಿಗೇ ಕಾಣುತ್ತದೆ; ಲಕ್ಯಾದ್ದು ಕಾಣುವುದಿಲ್ಲ. ಮಳೆಗಾಲದ ಮುಂಚಿನ ಮತ್ತು ನಂತರದ ತಪಾಸಣಾ ವರದಿ, ವಾರದ ಅಳತೆ, ಕಟ್ಟೆಯ ಹೊಣೆ ಹೊತ್ತ ಅಧಿಕಾರಿಯ ಹುದ್ದೆ, ದೂರವಾಣಿ ಸಂಖ್ಯೆ, ಇಷ್ಟನ್ನು ಕಳಸದಿಂದ ಬಾಳೆಹೊನ್ನೂರಿನವರೆಗಿನ ಪಂಚಾಯಿತಿಗಳ ಫಲಕದಲ್ಲಿ ಹಾಕಿಸಿ. ಮೊದಲ ಪಟ್ಟಿ ಮೇ ತಿಂಗಳೊಳಗೆ ಬರಲಿ.

ಇಂತಿ,
ಭದ್ರಾ ದಂಡೆಯ ನಿವಾಸಿಗಳು