ಪಂಚಮಿಗೆ ಬರುವುದಿಲ್ಲ ಎಂದವಳಿಗೆ

ಬಾಗಲಕೋಟೆ

ಚಿ. ಸುಜಾತಾಳಿಗೆ ನಿನ್ನ ಕಾಕಾನ ಆಶೀರ್ವಾದ.

ಪರೀಕ್ಷೆ, ಮೆಸ್ಸಿನ ಊಟ, ನಿನ್ನ ಕೋಣೆಯ ಹುಡುಗಿಗೆ ಕ್ಷಯ ಬಂದದ್ದು, ಎಲ್ಲ ಓದಿದೆ. ಕೊನೆಗೆ ಬರೆದ ಒಂದು ಮಾತು ಮಾತ್ರ ನಿದ್ದೆಗೆಡಿಸಿದೆ: 'ಪಂಚಮಿಗೆ ಬರುವುದಿಲ್ಲ ಕಾಕಾ, ಅದು ನನ್ನೊಳಗೂ ಸೇರಿದ್ದರೆ ಅಜ್ಜಿಗೆ ಹತ್ತಿಸಿಬಿಟ್ಟೇನು.'

ಕ್ಷಯದ ಕ್ರಿಮಿ ಮೈ ಸೇರುವುದು ಬೇರೆ, ಕ್ಷಯವಾಗುವುದು ಬೇರೆ. ಲೋಕದ ನಾಲ್ವರಲ್ಲಿ ಒಬ್ಬರ ಮೈಯಲ್ಲಿ ಅದು ಸೇರಿರಬಹುದೆಂದು ಅಂದಾಜು. ಹಾಗೆ ಸೇರಿದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಆಯುಷ್ಯದಲ್ಲಿ ಎಂದಾದರೂ ರೋಗವಾಗುತ್ತದೆ. ಮೊದಲ ಎರಡು ವರ್ಷಗಳಲ್ಲಿ ಆ ಭಯ ಹೆಚ್ಚು. ಒಳಗೆ ಸುಮ್ಮನೆ ಮಲಗಿದ ಕ್ರಿಮಿ ಇನ್ನೊಬ್ಬರಿಗೆ ಹತ್ತುವುದಿಲ್ಲ. ಅದು ಪುಪ್ಪುಸದಲ್ಲಿ ಎದ್ದು ಗಾಳಿಗೆ ಬರಬೇಕು. ಕೆಮ್ಮಿಲ್ಲ, ಜ್ವರವಿಲ್ಲ ಎಂದು ನೀನೇ ಬರೆದಿದ್ದೀಯ. ಅಜ್ಜಿಗೆ ಏನನ್ನು ಹತ್ತಿಸುತ್ತೀ? ಆದರೂ ಎಕ್ಸ್-ರೇ ತೆಗೆಸದೆ ನನ್ನ ಮಾತು ನಂಬಬೇಡ.

ಒಳಗೆ ಕೂತು ಕಾಯುವ ರೋಗವೆಂದರೆ ನನಗೆ ನಾರುಹುಣ್ಣಿನ ನೆನಪು. ಆಗಿನ ವಿಜಾಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಮೆಟ್ಟಿಲು ಬಾವಿಗೆ ಇಳಿದೇ ಕೊಡ ತುಂಬಬೇಕಿತ್ತು. ಆ ನೀರಿನ ಸಣ್ಣ ಜೀವಿಗಳ ಹೊಟ್ಟೆಯಲ್ಲಿ ಹುಳುವಿನ ಮರಿ ಇರುತ್ತಿತ್ತು. ಕುಡಿದವರಿಗೆ ಸುಮಾರು ಒಂದು ವರ್ಷ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಕಾಲಲ್ಲಿ ಗುಳ್ಳೆ, ಅದು ಒಡೆದರೆ ಬಿಳಿ ದಾರದಂಥ ಹುಳು. ಅಕ್ಕನಿಗೆ ಹಿಮ್ಮಡಿಯ ಮೇಲೆ ಬಂದಿತ್ತು. ಅಜ್ಜಿ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯುತ್ತಿದ್ದಳು. ಹರಿದರೆ ಕಾಲು ಬಾತು ಕೀವಾಗುತ್ತಿತ್ತು. ಉರಿ ತಾಳದೆ ಅಕ್ಕ ಬಾವಿಯ ನೀರಿನಲ್ಲೇ ಕಾಲಿಟ್ಟು ಕೂರುತ್ತಿದ್ದಳು. ಹುಳು ಮರಿ ಬಿಡುವುದೇ ಆಗ. ಮರುವರ್ಷ ಓಣಿಗೆ ಓಣಿಯೇ ಕುಂಟಿತು. ಆ ಕಾಲಿನ ನೆಪದಲ್ಲಿ ಶಾಲೆ ಬಿಡಿಸಿದವರು ಅವಳನ್ನು ಮತ್ತೆ ಕಳುಹಿಸಲೇ ಇಲ್ಲ. ಕೊಡದ ಬಾಯಿಗೊಂದು ಅರಿವೆ ಕಟ್ಟಿ ನೀರು ಸೋಸಿದ್ದರೆ ಸಾಕಿತ್ತು! ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೆ ಲಸಿಕೆ ಇಲ್ಲ, ಕೊಲ್ಲುವ ಔಷಧವೂ ಇಲ್ಲ. ಆದರೂ ದೇಶದ ಕೊನೆಯ ಪ್ರಕರಣ 1996ರಲ್ಲಿ ಮುಗಿಯಿತು. ಸೋಸುವ ಬಟ್ಟೆ, ಕೊಳವೆಬಾವಿ, ನೀರಿಗೆ ಇಳಿಯದಂತೆ ಕಟ್ಟಿದ ಬಾವಿ, ಹೆಚ್ಚಾಗಿ ಇಂಥವುಗಳಿಂದಲೇ.

ಎಲ್ಲಿಗೋ ಹೋದೆ. ನಾರುಹುಣ್ಣು ನೀರಿನಲ್ಲಿ ಬಂತು, ಇದು ಗಾಳಿಯಲ್ಲಿ ಬರುತ್ತದೆ. ತಾಟು, ಲೋಟ ಬೇರೆ ಇಟ್ಟಿದ್ದೀರೆಂದು ಬರೆದಿದ್ದೀಯ. ಅದರಿಂದ ಆ ಹುಡುಗಿಯ ಮನಸ್ಸು ನೋಯುತ್ತದೆಯೇ ಹೊರತು ಬೇರೇನೂ ಆಗದು. ಅದರ ಬದಲು ಕಿಟಕಿ ತೆರೆದಿಡಿ, ಬೆಳಗಾವಿಯ ಮಳೆಗೆ ನೀವು ಮುಚ್ಚಿಕೊಂಡೇ ಕೂತಿರುತ್ತೀರಿ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ. ಸೋಂಕು ಮಾತ್ರ ಇದ್ದರೆ ಅದು ರೋಗವಾಗದಂತೆ ಮಾತ್ರೆಗಳಿವೆ. ಇದನ್ನೆಲ್ಲ ಡಾಕ್ಟರು ಹೇಳಿಯೇ ಇರುತ್ತಾರೆ, ಮುದುಕನ ಬಾಯಿ ಸುಮ್ಮನಿರದು.

ಎಕ್ಸ್-ರೇ ಸರಿ ಇದ್ದರೆ ಪಂಚಮಿಗೆ ಬಂದುಬಿಡು. ಅಜ್ಜಿಗೆ ನಿನ್ನ ಮಾತು ಇನ್ನೂ ಹೇಳಿಲ್ಲ, ಅವಳು ಉಂಡಿಗೆ ಎಳ್ಳು ಹಸನು ಮಾಡುತ್ತಿದ್ದಾಳೆ.

ಮತ್ತೆ, ಆ ಹುಡುಗಿಯ ಮನೆಯವರು ಬಂದು ನೋಡಿಕೊಂಡು ಹೋದರೇ? ಆರು ತಿಂಗಳು ಮಾತ್ರೆ ತಪ್ಪಿಸದಂತೆ ಅವಳಿಗೆ ನೆನಪು ಮಾಡುವವರು ಯಾರು? ಅದನ್ನು ನೀನು ಬರೆದೇ ಇಲ್ಲ.

ನಿನ್ನ ಕಾಕಾ